ಕೆಟ್ಟ ಬಲ್ಬುಗಳ ಪೆಟ್ಟಿಗೆ ಕುರಿತು ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ನಾಲ್ಕನೇ ತರಗತಿಯಲ್ಲಿ ಸಿಎಫ್‌ಎಲ್ ಬಲ್ಬು ಒಡೆದ ವಿಷಯ ನಿಮ್ಮ ಕಿವಿಗೂ ಬಿದ್ದಿದೆ. ಹಲವರು ಫೋನ್ ಮಾಡಿದಿರಿ, ಕೆಲವರು ಸಿಟ್ಟಿನಿಂದಲೇ ಮಾತಾಡಿದಿರಿ. ಮಕ್ಕಳ ವಿಷಯ, ಸಿಟ್ಟು ಬರುವುದು ಸಹಜವೇ.

ಕೆಟ್ಟ ಬಲ್ಬುಗಳನ್ನು ಕೂಡಿಡಲು ಶಾಲೆಯಲ್ಲಿಟ್ಟಿರುವ ನಮ್ಮ ಪೆಟ್ಟಿಗೆಗೆ ಹಾಕಲೆಂದು ಮಗುವೊಂದು ಮನೆಯಿಂದ ಬಲ್ಬು ತಂದಿತ್ತು. ಚೀಲ ಕೆಳಗಿಡುವಾಗ ಅದು ಒಡೆಯಿತು. ಶಿಕ್ಷಕಿ ಫ್ಯಾನ್ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಮಕ್ಕಳನ್ನು ಹೊರಗೆ ಕರೆದೊಯ್ದರು. ಕಾಲು ಗಂಟೆ ಬಿಟ್ಟು, ಕೈಗವಸು ಹಾಕಿಕೊಂಡು ರಟ್ಟಿನಿಂದ ಚೂರುಗಳನ್ನು ಬಳಿದರು. ಬಿಳಿ ಪುಡಿಯನ್ನು ಅಂಟುಟೇಪಿಗೆ ಒತ್ತಿ ಒತ್ತಿ ತೆಗೆದು, ಎಲ್ಲವನ್ನೂ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರು. ಪೊರಕೆ ಮುಟ್ಟಲಿಲ್ಲ, ಏಕೆಂದರೆ ಗುಡಿಸಿದರೆ ಬಲ್ಬಿನೊಳಗಿನ ವಿಷಕಾರಿ ಪಾದರಸ ಇನ್ನಷ್ಟು ಹರಡುತ್ತದೆ. "ಒಂದು ಬಲ್ಬಿಗೆ ಇಷ್ಟು ಗಾಬರಿಯೇ, ಪಾಠ ಹಾಳಾಯಿತಲ್ಲ" ಎಂದವರಿದ್ದಾರೆ. ಶಿಕ್ಷಕಿ ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ.

ಇನ್ನು ಪೆಟ್ಟಿಗೆಯನ್ನೇ ತೆಗೆಸಿ ಎಂಬ ಒತ್ತಾಯ. ಅದನ್ನು ತೆಗೆಸುವುದಿಲ್ಲ. ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ ಪಾದರಸವಿರುತ್ತದೆ, ಗಾಜು ಒಡೆಯದಿದ್ದರೆ ಅದು ಹೊರಗೆ ಬರುವುದಿಲ್ಲ. ಪೆಟ್ಟಿಗೆ ಇರುವುದು ಬೀಗ ಹಾಕಿದ ಕೋಣೆಯಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಲ್ಲ. ಅಲ್ಲಿಂದ ಮರುಬಳಕೆ ಘಟಕಕ್ಕೆ ಹೋಗಿ ಗಾಜು, ಲೋಹ, ಪಾದರಸ ಬೇರೆಬೇರೆಯಾಗುತ್ತವೆ. ಪೆಟ್ಟಿಗೆ ತೆಗೆದರೆ ಬಲ್ಬು ಮಾಯವಾಗುತ್ತದೆಯೇ? ಮನೆಯ ಕಸಕ್ಕೆ ಬೀಳುತ್ತದೆ, ಕಸದ ಗಾಡಿಯಲ್ಲಿ ಪುಡಿಯಾಗುತ್ತದೆ, ಆ ಕಸವನ್ನು ಬರಿಗೈಯಲ್ಲಿ ವಿಂಗಡಿಸುವವರ ಉಸಿರಿಗೆ ಸೇರುತ್ತದೆ. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಆದರೂ ಮತ್ತೊಮ್ಮೆ ಹೇಳುತ್ತೇನೆ: ಪೆಟ್ಟಿಗೆ ಇರುತ್ತದೆ.

"ಎಲ್ಲರೂ ಎಲ್‌ಇಡಿ ಹಾಕಿಸಿದ್ದಾರೆ, ಇನ್ನು ಪೆಟ್ಟಿಗೆ ಯಾಕೆ" ಎಂದೂ ಕೇಳಿದ್ದೀರಿ. ಎಲ್‌ಇಡಿಯಲ್ಲಿ ಪಾದರಸವಿಲ್ಲ, ನಿಜ. ಸಿಎಫ್‌ಎಲ್, ಟ್ಯೂಬ್‌ಲೈಟಿನಂಥ ಫ್ಲೋರೆಸೆಂಟ್ ದೀಪಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲೇ ತೀರ್ಮಾನಿಸಿವೆ. ಆದರೆ ಎಷ್ಟೋ ಮನೆಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳು ಇನ್ನೂ ಉರಿಯುತ್ತಿವೆ. ಬಿಚ್ಚಿಟ್ಟವು ಬಾಗಿಲ ಹಿಂದೆ, ಅಟ್ಟದ ಮೇಲೆ ನಿಂತಿವೆ.

ತಪ್ಪು ನಮ್ಮದೂ ಇದೆ. ಬಲ್ಬುಗಳನ್ನು ಯಾರು ತರಬೇಕೆಂದು ಮೊದಲ ಸುತ್ತೋಲೆಯಲ್ಲಿ ಬರೆಯಲಿಲ್ಲ. ಆದ್ದರಿಂದ ಈಗ ಕೇಳಿಕೊಳ್ಳುತ್ತೇನೆ: ಬಲ್ಬುಗಳನ್ನು ಮಕ್ಕಳ ಕೈಯಲ್ಲಿ ಕಳಿಸದೆ ನೀವೇ ತಂದು ಕಚೇರಿಯಲ್ಲಿ ಕೊಡಿ.

ಆ ಮಗುವನ್ನು ಮಾತ್ರ ಯಾರೂ ಏನೂ ಅನ್ನಬೇಡಿ. ಒಡೆಯಬಾರದೆಂದು ಬಲ್ಬಿಗೆ ತನ್ನ ಕರವಸ್ತ್ರ ಸುತ್ತಿ ತಂದಿತ್ತು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು