ಎಚ್‌ಐವಿ ತಡೆಯ ಕೆಲಸ ವೈನ್ ಶಾಪ್ ಕಡೆಗೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ಡಿಸೆಂಬರ್ 1ರಂದು ನಮ್ಮ ಊರುಗಳಲ್ಲಿ ಏಡ್ಸ್ ದಿನದ ಜಾಥಾ ನಡೆಯುತ್ತದೆ. ಶಾಲೆ ಮಕ್ಕಳು ಘೋಷಣೆ ಕೂಗುತ್ತಾ ಬಸ್ ಸ್ಟ್ಯಾಂಡ್‌ವರೆಗೆ ಹೋಗಿ ಬರುತ್ತಾರೆ. ಅದೂ ಬೇಕು. ಆದರೆ ಅದೇ ಸಂಜೆ ವೈನ್ ಶಾಪ್ ಮುಂದೆ ಸೇರುವ ಗಂಡಸರ ಜೊತೆ ಎಚ್‌ಐವಿ ಬಗ್ಗೆ ಮಾತಾಡುವವರು ಯಾರೂ ಇರುವುದಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಹಲವು ವರ್ಷ ಆಪ್ತಸಮಾಲೋಚಕಿಯಾಗಿ ದುಡಿದ ನನಗೆ ಇದೇ ದೊಡ್ಡ ಕೊರತೆ ಅನ್ನಿಸುತ್ತದೆ.

ಕುಡಿದರೆ ಎಚ್‌ಐವಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಕುಡಿದಾಗ ಎಚ್ಚರ ತಪ್ಪುತ್ತದೆ. ಕಾಂಡೋಮ್ ಜೇಬಿನಲ್ಲೇ ಉಳಿಯುತ್ತದೆ. ಕುಡಿದು ಬಂದ ಗಿರಾಕಿಗೆ ‘ಕಾಂಡೋಮ್ ಇಲ್ಲದೆ ಆಗಲ್ಲ’ ಅಂದ ಹೆಂಗಸಿಗೆ ಏಟು ಬೀಳುವುದುಂಟು. ಮನೆಯಲ್ಲಿ ಹೆಂಡತಿ ಆ ಮಾತು ಎತ್ತುವ ಹಾಗೂ ಇರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲಾ ಕುಡುಕನ ತಪ್ಪು ಅಂತ ಕೈತೊಳೆದುಕೊಂಡ ಹಾಗಾಗುತ್ತದೆ. ಸುತ್ತಮುತ್ತ ನೋಡಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಲಾರಿ, ಟ್ರ್ಯಾಕ್ಟರ್, ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಸೇರುತ್ತವೆ. ನಮ್ಮವರು ದುಡಿಯಲು ಸಾಂಗ್ಲಿ, ಕೊಲ್ಹಾಪುರ, ಗೋವಾಕ್ಕೆ ಹೋಗುತ್ತಾರೆ. ಊರು ಬಿಟ್ಟು ಬಂದ ಹುಡುಗನಿಗೆ ಪಗಾರ ಕೈಗೆ ಬಂದ ದಿನ ಹೋಗಲು ಬೇರೆ ಏನಿದೆ? ಬಾರ್, ಲಾಡ್ಜ್, ಧಾಬಾ ಎಲ್ಲಾ ಒಂದೇ ರಸ್ತೆಯಲ್ಲಿ. ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಆ ಮನೆಗಳ ಬಡತನ ಕಾಯ್ದೆಯ ಜೊತೆಗೇ ಹೋಗಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಸೋಂಕು ಜಾಸ್ತಿಯಾಗಲು ಇದೆಲ್ಲಾ ಸೇರಿಕೊಂಡಿದೆ.

ಸುತ್ತಲಿನ ಪರಿಸ್ಥಿತಿ ಬದಲಾದರೆ ಅಪಾಯ ಕಡಿಮೆಯಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಮೈಸೂರಿನಲ್ಲಿ ಲೈಂಗಿಕ ಕಾರ್ಮಿಕರೇ ಸೇರಿ ಆಶೋದಯ ಸಮಿತಿ ಕಟ್ಟಿಕೊಂಡರು. ಪೊಲೀಸರ, ಪುಂಡರ ಕಾಟವನ್ನು ಒಟ್ಟಾಗಿ ಎದುರಿಸಿದರು. ಬೆನ್ನಿಗೆ ಜನ ಇದ್ದಾರೆ ಅಂತ ಗೊತ್ತಾದ ಹೆಂಗಸು ಕುಡಿದ ಗಿರಾಕಿಗೂ ‘ಬೇಡ’ ಅನ್ನಬಲ್ಲಳು. ಬರೀ ಕಾಂಡೋಮ್ ಹಂಚಿದರೆ ಆ ಬಲ ಬರುವುದಿಲ್ಲ.

ಇನ್ನು ಹಳ್ಳಿಗಳ ಮಾತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಈಗ ಅದು ಕಿರಾಣಿ ಅಂಗಡಿಯಲ್ಲೂ ಕದ್ದು ಮಾರಾಟವಾಗುತ್ತದೆ. ಶಾಲೆ, ಆಸ್ಪತ್ರೆ, ದೇವಸ್ಥಾನದಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಇಲ್ಲ ಅನ್ನುತ್ತದೆ ಅಬಕಾರಿ ನಿಯಮ. ಲೈಸೆನ್ಸೇ ಇಲ್ಲದ ಗೂಡಂಗಡಿಗೆ ಯಾವ ಮೀಟರ್ ಲೆಕ್ಕ? 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿ ಮದ್ಯ ನಿಲ್ಲಿಸಿ ಅಂತ ಕೇಳಿದರು. ಪೂರ್ತಿ ನಿಷೇಧದಿಂದ ಕಳ್ಳಬಟ್ಟಿ ಹೆಚ್ಚಬಹುದು ಅನ್ನುವ ಭಯ ನನಗಿದೆ. ಆದರೆ ಮನೆ ಬಾಗಿಲಲ್ಲಿ ಮಾರುವುದನ್ನು ನಿಲ್ಲಿಸಲು ಏನು ಅಡ್ಡಿ?

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು, ಎಚ್‌ಐವಿ ಇರುವವರು ವೈರಸ್ ಹತೋಟಿಯಲ್ಲಿಡಲು ದಿನಾ ತೆಗೆದುಕೊಳ್ಳುವ ಎಆರ್‌ಟಿ ಗುಳಿಗೆಯ ವಿಷಯ. ಸರ್ಕಾರ 2004ರಿಂದ ಈ ಗುಳಿಗೆ ಉಚಿತವಾಗಿ ಕೊಡುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಸಾಕು. ತಪ್ಪದೆ ತೆಗೆದುಕೊಂಡು, ಪರೀಕ್ಷೆಯಲ್ಲೂ ಸಿಗದಷ್ಟು ವೈರಸ್ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇಂಥ ಗುಳಿಗೆಯನ್ನು ಎಷ್ಟೋ ಜನ ಕುಡಿದ ದಿನ ಬಿಟ್ಟುಬಿಡುತ್ತಾರೆ. ‘ಎಣ್ಣೆ ಜೊತೆ ಗುಳಿಗೆ ಸೇರಿದರೆ ವಿಷ ಆಗುತ್ತೆ’ ಅನ್ನುವ ನಂಬಿಕೆ. ಜಾತ್ರೆ, ಮದುವೆ, ಪಗಾರದ ದಿನ, ಹೀಗೆ ಬಿಡುವ ದಿನಗಳು ಹೆಚ್ಚುತ್ತವೆ. ವೈರಸ್ ಮತ್ತೆ ಏರುತ್ತದೆ, ಔಷಧಕ್ಕೆ ಬಗ್ಗದ ಹಾಗೂ ಆಗಬಹುದು. ‘ಕುಡಿಯಬೇಡ, ಕುಡಿದರೆ ಬರಲೇಬೇಡ’ ಅಂತ ಗದರಿದರೆ ಆತ ಬರುವುದನ್ನೇ ನಿಲ್ಲಿಸುತ್ತಾನೆ, ಅಲ್ವಾ? ಕುಡಿತ ಲಿವರ್ ಹಾಳು ಮಾಡುತ್ತದೆ, ಬಿಟ್ಟರೆ ಒಳ್ಳೆಯದು. ಆದರೆ ಕುಡಿದ ದಿನವೂ ಗುಳಿಗೆ ತಪ್ಪಿಸಬಾರದು. ಇದನ್ನು ಪ್ರತಿ ಎಆರ್‌ಟಿ ಕೇಂದ್ರದಲ್ಲೂ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತೂ ಜನಕ್ಕೆ ತಲುಪಿಲ್ಲ. ಕುಡಿದ ಮತ್ತಿನಲ್ಲಿ ಅಪಾಯ ಆಗಿಹೋಗಿದೆ ಅಂತ ಬೆಳಿಗ್ಗೆ ಅನ್ನಿಸಿದರೆ, ಸುಮ್ನೆ ಹೆದರಿ ಕೂರದೆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಬೇಕು. 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ತಡೆ ಔಷಧ ಇದೆ. ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. ಆಸ್ಪತ್ರೆಗೆ ಹೋಗಲು ಮುಜುಗರವಾದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಕೂಲಿಯವರು ಕೆಲಸ ಬಿಡುವ ಹೊತ್ತಿಗೆ ಪರೀಕ್ಷಾ ಕೇಂದ್ರ ಮುಚ್ಚಿರುತ್ತದೆ. ಆದ್ದರಿಂದ ಸಂಜೆ ಹೊತ್ತು ಕಾರ್ಖಾನೆ ಗೇಟು, ಗ್ಯಾಂಗಿನ ಗುಡಿಸಲು, ಬಾರ್ ಇರುವ ರಸ್ತೆಗೇ ಪರೀಕ್ಷಾ ವಾಹನ ಬರಲಿ. ಪರೀಕ್ಷೆಗೆ ಬಂದವರನ್ನು ಕುಡಿತದ ಬಗ್ಗೆಯೂ ಮೆತ್ತಗೆ ಕೇಳಲಿ. ಬಿಡಬೇಕು ಅನ್ನುವವರನ್ನು ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರ ಹತ್ತಿರ ಕಳಿಸಲಿ. ಈ ಸಲದ ಕಬ್ಬಿನ ಹಂಗಾಮಿನಲ್ಲೇ ಮುಧೋಳ, ಜಮಖಂಡಿಯಿಂದ ಇದನ್ನು ಶುರುಮಾಡಬೇಕು ಅಂತ ಜಿಲ್ಲಾ ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

– ನಿವೃತ್ತ ಆಪ್ತಸಮಾಲೋಚಕಿ, ಬಾಗಲಕೋಟೆ ಜಿಲ್ಲೆ