ಹಸಿರು ಚೀಲದಲ್ಲಿರುವ ಕಾಗದಗಳು

ತಿಪಟೂರು
ಭಾನುವಾರ ರಾತ್ರಿ

ಪುಟ್ಟಿ,

ನಾವೆಲ್ಲ ಕ್ಷೇಮ. ಫೋನಿನಲ್ಲಿ ಹೇಳಿದರೆ ಮಾತು ಮುಗಿಯುವ ಮೊದಲೇ ‘ಆಯಿತಮ್ಮ, ಮಾಡುತ್ತೇನೆ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ವಿದ್ಯಾರ್ಥಿವೇತನದ ಅರ್ಜಿಗಳ ವಿಷಯ ಬರೆಯಲು ಕೂತಿದ್ದೇನೆ.

ನಾಳೆ ನಿನ್ನ ಸೋದರಮಾವ ಹಾಸನಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದದ ಜೊತೆ ಒಂದು ಹಸಿರು ಬಟ್ಟೆಯ ಚೀಲ ಕಳುಹಿಸಿದ್ದೇನೆ. ಯಾರದೋ ರವಿಕೆಯಲ್ಲಿ ಉಳಿದ ತುಂಡು, ಒಳಗೆ ಅಸ್ತರಿ ಕೊಟ್ಟು ನಾಲ್ಕು ಜೇಬು ಹೊಲಿದಿದ್ದೇನೆ. ಮೊದಲ ಜೇಬಿನಲ್ಲಿ ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳಿವೆ. ಎರಡನೆಯದರಲ್ಲಿ ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ಸಂಖ್ಯೆಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಅರ್ಜಿಯಲ್ಲಿ ಕೇಳುವುದು ಅದನ್ನೇ. ಮೂರನೆಯದರಲ್ಲಿ ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್, ಅಪ್ಪನ ರೈತ ಗುರುತಿನ ಸಂಖ್ಯೆ ಬರೆದ ಚೀಟಿ. ನಾಲ್ಕನೆಯದು ಖಾಲಿ. ಅದರಲ್ಲಿ ಕಾಲೇಜಿನ ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರ, ಹಾಸ್ಟೆಲ್ಲಿನ ರಸೀದಿ ನೀನೇ ತುಂಬಬೇಕು.

ಆಧಾರ್ ತೆಗೆದು ನೋಡು, ಹೊಸದು. ಮೊದಲಿನದರಲ್ಲಿ ನಿನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎಚ್’ ಇರಲಿಲ್ಲ, ಅಂಕಪಟ್ಟಿಯಲ್ಲಿ ಇತ್ತು. ಕನ್ನಡದಲ್ಲಿ ಬರೆದರೆ ಎರಡೂ ಚೈತ್ರಾ ಎಂದೇ. ಆದರೆ ಕಂಪ್ಯೂಟರಿಗೆ ನೀನು ಇಬ್ಬರು ಹುಡುಗಿಯರು. ಆ ಒಂದು ಎಚ್‌ಗಾಗಿ ನಿಮ್ಮಪ್ಪ ಮೂರು ದಿನ ತೋಟದ ಕೆಲಸ ಬಿಟ್ಟು ಅಲೆದರು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ರಾಮಾಯಣ, ಅದಕ್ಕೆ ಆಧಾರನ್ನೇ ಅಂಕಪಟ್ಟಿಯಂತೆ ಮಾಡಿಸಿದೆವು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ನಿನ್ನದರಲ್ಲಿ ಒಂದು ಖರ್ಚಾಯಿತು. ಇನ್ನೊಂದನ್ನು ಮದುವೆಯ ನೆಪದಲ್ಲಿ ಪೋಲು ಮಾಡಬೇಡ.

ಈಗ ವಿದ್ಯಾರ್ಥಿವೇತನದ ವಿಷಯ. ಹೋದ ವಾರ ನೀನು ಹೇಳಿದೆ, ‘ನನಗೆಲ್ಲಿ ಸಿಗುತ್ತದಮ್ಮ, ತೊಂಬತ್ತೈದು ಬಂದವರೇ ಸಾಲಿನಲ್ಲಿದ್ದಾರೆ.’ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಗದಿದ್ದರೆ ಸಿಗದಿರಲಿ. ಕೊಡುವವರು ಇಲ್ಲ ಎನ್ನುವ ಮೊದಲು ನೀನೇ ಇಲ್ಲ ಎಂದುಕೊಂಡೆಯಲ್ಲ, ಸಿಟ್ಟು ಬಂದದ್ದು ಅದಕ್ಕೆ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ವಿಷಯವನ್ನೇ ನೋಡು. ಪಿಯುಸಿಯಲ್ಲಿ ಆಯಾ ಮಂಡಳಿಯ ಮೇಲಿನ ಶೇಕಡಾ 20ರೊಳಗೆ ಬಂದಿರಬೇಕು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಿರಬಾರದು. ಪದವಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ದೇಶದಲ್ಲಿ ವರ್ಷಕ್ಕೆ 82,000 ಹೊಸಬರಿಗೆ ಕೊಡುತ್ತಾರೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆಂದೇ ಮೀಸಲು. ನಿನ್ನ ಶೇಕಡಾ 88 ಅದರೊಳಗೆ ಬರುತ್ತದೆಯೋ ಇಲ್ಲವೋ ಎನ್ನುವುದನ್ನು ಅವರು ಹೇಳಲಿ. ಎನ್‌ಎಸ್‌ಪಿ ಎಂಬ ಕೇಂದ್ರದ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಮೊದಲು ಒಟಿಆರ್ ಎಂಬ ಒಂದೇ ಬಾರಿಯ ನೋಂದಣಿ ಸಂಖ್ಯೆ ಮಾಡಿಸಿಕೊಳ್ಳಬೇಕು. ಓದು ಮುಗಿಯುವವರೆಗೂ ಅದೇ ಸಂಖ್ಯೆ, ಆದ್ದರಿಂದ ಅದನ್ನು ಅಂಗೈ ಮೇಲೆ ಬರೆದು ಕೈ ತೊಳೆಯಬೇಡ.

ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅಂಕಗಳ ಪೈಪೋಟಿಗಿಂತ ಆದಾಯ ಮತ್ತು ವರ್ಗದ ಲೆಕ್ಕ ಹೆಚ್ಚು. ಅರ್ಜಿ ಹಾಕುವ ಮೊದಲು ಕಾಲೇಜಿನಲ್ಲಿ ಇ-ದೃಢೀಕರಣ ಮಾಡುವ ಅಧಿಕಾರಿ ಯಾರೆಂದು ಕೇಳಿಕೊಂಡು ದಾಖಲೆಗಳನ್ನು ತೋರಿಸು. ಅವರು ಕೊಡುವ ಸಂಖ್ಯೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಅಪ್ಪನ ಚೀಟಿ ರೈತರ ಮಕ್ಕಳ ಓದಿಗೆ ರಾಜ್ಯ ಕೊಡುವ ರೈತ ವಿದ್ಯಾನಿಧಿಗೆ. 2021ರಲ್ಲಿ ಶುರುವಾದ ಯೋಜನೆ, ಬಿಎಸ್ಸಿ ಓದುವ ಹುಡುಗಿಗೆ 5,500 ರೂಪಾಯಿ ಎಂದು ಇಟ್ಟಿದ್ದರು. ಎರಡು ಎಕರೆ ತೆಂಗಿಗೆ ಇಷ್ಟಾದರೂ ಮರ್ಯಾದೆ ಸಿಗಲಿ.

ನನಗೆ ಹೆಚ್ಚು ಆಸೆಯಿರುವುದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದರ ಮೇಲೆ. ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ. ಕಾನ್ವೆಂಟಿಗೆ ಸೇರಿಸಲಿಲ್ಲ ಎಂದು ಆರನೆಯ ತರಗತಿಯಲ್ಲಿ ಎರಡು ದಿನ ಊಟ ಬಿಟ್ಟಿದ್ದೆ, ನೆನಪಿದೆಯೇ? ಈಗ ಆ ಸರ್ಕಾರಿ ಶಾಲೆಯೇ ನಿನ್ನ ಅರ್ಹತೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೆಯ ವರ್ಷಕ್ಕೆ ನೆನಪಾದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು. ಕೇಂದ್ರದ 12,000 ತೆಗೆದುಕೊಳ್ಳುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ ಎಂಬ ನಿಯಮವಿದೆ. ಎಲ್ಲದಕ್ಕೂ ಅರ್ಜಿ ಹಾಕು, ಎರಡು ಕಡೆ ಮಂಜೂರಾದರೆ ನಾನು ಹೊಲಿಗೆಯ ಲೆಕ್ಕದ ಪುಸ್ತಕ ತೆಗೆದು ಕೂರುತ್ತೇನೆ. ಬಟ್ಟೆ ಎಷ್ಟಿದೆ ಎಂದು ತಿಳಿದ ಮೇಲೆ ತಾನೇ ಕತ್ತರಿ ಹಾಕುವುದು.

ನಿನ್ನ ಕೋಣೆಯ ಎಂಜಿನಿಯರಿಂಗ್ ಹುಡುಗಿಗೆ ‘ಪ್ರಗತಿ’ಯ ವಿಷಯ ಹೇಳು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಮಂಡಳಿಯದು, ತಾಂತ್ರಿಕ ಓದಿನ ಹುಡುಗಿಯರಿಗೆ ವರ್ಷಕ್ಕೆ 50,000. ಆದಾಯದ ಮಿತಿ 8 ಲಕ್ಷ. ನಿನಗೆ ಬರುವುದಿಲ್ಲ, ಅವಳಿಗಾದರೂ ಬರಲಿ.

ಬ್ಯಾಂಕಿನ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಹಿಂದಿನ ಬೀದಿಯ ಹುಡುಗಿಗೆ ಹಣ ಜಮೆಯಾಗಿದೆ ಎಂದು ಜಾಲತಾಣ ತೋರಿಸುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಬಿಡಿಗಾಸಿಲ್ಲ. ಎರಡು ತಿಂಗಳು ಅವಳ ಅಮ್ಮ ಕಾಲೇಜಿಗೂ ಬ್ಯಾಂಕಿಗೂ ಓಡಾಡಿ ಕಣ್ಣೀರು ಹಾಕಿದಳು. ಕೊನೆಗೆ ತಿಳಿದದ್ದು, ಯಾವಾಗಲೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದ್ದರಂತೆ. ಅರ್ಜಿಯಲ್ಲಿ ಯಾವ ಖಾತೆ ಬರೆದರೇನು, ಹಣ ಹೋಗುವುದು ಆಧಾರ್ ಕೊನೆಯ ಬಾರಿ ಜೋಡಣೆಯಾದ ಖಾತೆಗೆ. ಅದಕ್ಕೆ, ಟೀ ಶರ್ಟ್ ಕೊಡುತ್ತೇವೆ ಎಂದು ಕಾಲೇಜಿನ ಗೇಟಿನ ಬಳಿ ಖಾತೆ ತೆರೆಸುವವರ ಹತ್ತಿರ ಹೆಬ್ಬೆಟ್ಟು ಒತ್ತಬೇಡ. ಅರ್ಜಿಗೆ ಶುಲ್ಕ ಕೇಳುವವನಿಗೂ ಒಟಿಪಿ ಕೇಳುವವನಿಗೂ ಉತ್ತರವನ್ನೇ ಕೊಡಬೇಡ.

ನಾಚಿಕೆಯ ಮಾತನ್ನೂ ಆಡಿದೆ ನೀನು. ಹಾಸ್ಟೆಲ್ಲಿನಲ್ಲಿ ‘ಸ್ಕಾಲರ್‌ಶಿಪ್ಪಿನವರು’ ಎಂದು ಒಂದು ಥರ ನೋಡುತ್ತಾರೆ ಎಂದೆ. ನಿನ್ನ ತಾತ ಕೂಡ ಹಾಗೆಯೇ, ಬೇರೆಯವರ ದುಡ್ಡಿಗೆ ಕೈ ಚಾಚಬಾರದು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಆ ಮಾತಿಗೆ ನನ್ನ ಓದು ಪಿಯುಸಿಗೇ ನಿಂತಿತು. ನಾನು ಕೊಳ್ಳುವ ಒಂದೊಂದು ದಾರದ ಉಂಡೆಗೂ ತೆರಿಗೆ ಕಟ್ಟುತ್ತೇನೆ. ನಿಮ್ಮಪ್ಪ ಗೊಬ್ಬರಕ್ಕೂ ಡೀಸೆಲ್ಲಿಗೂ ಕಟ್ಟುತ್ತಾರೆ. ಇಪ್ಪತ್ತು ವರ್ಷ ಹಾಗೆ ಕೊಟ್ಟದ್ದರಲ್ಲಿ ನಿನ್ನ ಪಾಲಿನ ನಾಲ್ಕು ಕಾಸು ತಿರುಗಿ ಬಂದರೆ ಅದು ಯಾರ ದುಡ್ಡು?

ಹಣ ಒಮ್ಮೆ ಬಂದರೆ ಮುಗಿಯಲಿಲ್ಲ, ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಕೇಂದ್ರದ್ದಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕು. ಅಂಕದ ಚಿಂತೆ ನನಗಿಲ್ಲ. ಬೆಳಗಿನ ಮೊದಲ ತರಗತಿಯದೇ ಚಿಂತೆ, ನಿನ್ನ ನಿದ್ದೆ ನನಗೆ ಗೊತ್ತು.

ಬುಧವಾರ ಸಂಜೆಯೊಳಗೆ ಎಸ್‌ಎಸ್‌ಪಿ ಅರ್ಜಿ ಮುಗಿಸು. ಕೊನೆಯ ದಿನದವರೆಗೆ ಕಾದರೆ ಆ ಜಾಲತಾಣ ಶಿವರಾತ್ರಿಯ ಬಸ್ಸಿನಂತೆ ಆಗುತ್ತದೆ. ಸಲ್ಲಿಸಿದ ಮೇಲೆ ಬರುವ ಸಂಖ್ಯೆಯನ್ನು ನನಗೆ ಕಳುಹಿಸು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತೇನೆ. ಚೀಲವನ್ನು ಮಾತ್ರ ಒಗೆಯಬೇಡ, ಹಸಿರು ಬಣ್ಣ ಬಿಡುತ್ತದೆ.

ನಿನ್ನ
ಅಮ್ಮ