ದೋಸ್ತ, ಅವತ್ತು ಹೇಳಿದಾಂವ ನಾನ

ನವನಗರ, ಬಾಗಲಕೋಟೆ
ಬನದ ಹುಣ್ಣಿಮಿ ಮುಗದ ವಾರ

ಪ್ರೀತಿಯ ದೋಸ್ತ,

ಪತ್ರ ಬರಿಯೂದು ಬಿಟ್ಟಿಯೇನಲೇ ಅಂತ ಹೋದ ತಿಂಗಳ ಬೈದಿದ್ದೆಲ್ಲ, ತಗೋ. ಎಲ್ಲಾರ ಕಣ್ಣಿಗೂ ಬೀಳೂಹಂಗ ಇಲ್ಲಿ ಯಾಕ ಹಾಕೀನಿ ಅನ್ನೂದು ಕಡೀಕ ಗೊತ್ತಾಗ್ತೈತಿ. ಮಿರ್ಚಿ ಮಾಸ್ತರರ ವಿಷಯ ಎತ್ತಂಗಿಲ್ಲ, ಹೆದರಬ್ಯಾಡ.

ಬನಶಂಕರಿ ಜಾತ್ರಿಗೆ ಹೋಗಿದ್ದೆ. ಬಾದಾಮಿ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ, ಮುಕ್ಕಾಲು ಪಾಲು ಹೆಣ್ಮಕ್ಕಳು. ಬುತ್ತಿ ಗಂಟು, ಕೈಚೀಲ, ನಗಿ, ಜಗಳ. ಕಂಡಕ್ಟರ್ ಸೊನ್ನಿ ರೂಪಾಯಿ ಟಿಕೆಟ್ ಕೊಟ್ಟು ಕೊಟ್ಟು ಸುಸ್ತಾಗಿದ್ದ. ನನ್ನ ಬಾಜೂಕ ನಿಂತ ಹಿರೇ ಮನುಷ್ಯಾ, "ಪುಕ್ಕಟ ಮಾಡಿದಾಗಿಂದ ಇವ್ರಿಗೆ ಮನಿ ಅನ್ನೂದ ಮರತ ಹೋಗೈತಿ" ಅಂದು ನನ್ನ ಮಾರಿ ನೋಡಿದ, ಹೂಂ ಅಂತಾನೇನು ಅಂತ. ನಾ ಅನ್ನಲಿಲ್ಲ. ಆದ್ರ 2023ರ ಜೂನ್ 11ಕ್ಕ ಶಕ್ತಿ ಯೋಜನೆ ಸುರು ಆದಾಗ ಇದ ಮಾತು ನಾನೂ ಚಹಾದಂಗಡ್ಯಾಗ ಕುಂತು ಆಡೀನಿ. ಆ ವರ್ಷ ನನ್ನ ಹೆಂಡತಿ ಹುನಗುಂದದ ತವರಮನಿಗೆ ನಾಕು ಸಲ ಹೋಗಿ ಬಂದ್ಲು. ಅದಕ್ಕೂ ಮೊದಲ ವರ್ಷಕ್ಕೊಮ್ಮೆ, ಪಂಚಮಿಗೆ ಅಷ್ಟ. ರೊಕ್ಕ ನನ್ನ ಕಿಸೇದಾಗಿತ್ತು. ಕೇಳಬೇಕಂದ್ರ ಯಾಕ, ಎಷ್ಟು ದಿನ, ಯಾರ ಜೋಡಿ, ಎಲ್ಲಾದಕ್ಕೂ ಆಕಿ ಉತ್ರ ಕೊಡಬೇಕಾಗಿತ್ತು. ಇಷ್ಟು ವರ್ಷ ನಾ ಅದನ್ನ ಸಂಸಾರ ಅಂದ್ಕೊಂಡಿದ್ದೆ.

ಬಸ್ಸಿನ ಮಾತಿಗೆ ಆಮ್ಯಾಲೆ ಬರ್ತೀನಿ.

ಬೆಳಗಾವಿ ಕೋಟೆಕೆರಿ ಸುದ್ದಿ ನೆನಪೈತಿ ಅಲ್ಲ? 2024ರ ಜನವರಿ. ಯುವನಿಧಿ, ಅಂದ್ರ ಕೆಲಸಿಲ್ಲದ ಪದವೀಧರರಿಗೆ ಸರಕಾರ ಕೊಡೂ ಭತ್ಯೆ, ಅದಕ್ಕ ಅರ್ಜಿ ಹಾಕಾಕ ಬಂದ ಹುಡುಗ-ಹುಡುಗಿ ಕೆರಿ ದಂಡಿಗೆ ಕುಂತಿದ್ರು. ಗುಂಪೊಂದು ಬಂದು ವಿಚಾರಿಸ್ತು. ಒಬ್ರು ಹಿಂದೂ, ಒಬ್ರು ಮುಸ್ಲಿಂ, ಅಷ್ಟ ಸಾಕಾತು. ಹೊಡದ್ರು. ನೋಡಿದ್ರ ಅವ್ರಿಬ್ರೂ ಸಂಬಂಧಿಕ್ರು, ಒಂದ ಕುಟುಂಬದ ಮಕ್ಕಳು. ಟಿವ್ಯಾಗ ಈ ಸುದ್ದಿ ಬಂದಾಗ ನಾವು ಊಟಕ್ಕ ಕುಂತಿದ್ವಿ. ನಾ ಲೊಚಗುಟ್ಟಿ, "ಅಯ್ಯ ಪಾಪ, ಸುಮ್ಮಸುಮ್ಮನ ಹೊಡದಾರ, ಸಂಬಂಧಿಕ್ರಂತ" ಅಂದೆ. ಮಗಳು ರೊಟ್ಟಿ ಮುರಿಯೂದು ನಿಲ್ಲಿಸಿ ಕೇಳಿದ್ಲು, "ಅಪ್ಪಾ, ಸಂಬಂಧಿಕ್ರ ಅಲ್ದ ಇದ್ದಿದ್ರ?"

ಉತ್ರ ಬರಲಿಲ್ಲ ದೋಸ್ತ. ಅಕ್ಕ-ತಮ್ಮಂದಿರ ವರಸಿ ಅಂತ ಗೊತ್ತಾದ ಮ್ಯಾಲೆ ಹುಟ್ಟಿದ ಕನಿಕರ ಅದು. ಪ್ರೀತಿ ಮಾಡೋರಾಗಿದ್ರ ಆ ಪೆಟ್ಟಿಗೆ ಏನೋ ಒಂದು ಕಾರಣ ಇತ್ತು ಅಂತ ನನ್ನ ಮನಸ್ಸು ಮೊದಲ ಒಪ್ಪಿಬಿಟ್ಟಿತ್ತು. ಇಡೀ ಊರ ಹಂಗ ಮಾತಾಡಿತು, ಪತ್ರಿಕ್ಯಾಗೂ ಅದ ಧಾಟಿ. ಮಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಾಗ ಎಂ.ಎ. ಓದಾಕತ್ತಾಳ. ಸುಪ್ರೀಂ ಕೋರ್ಟು 2018ರ ಮಾರ್ಚ್‌ದಾಗ ಶಕ್ತಿ ವಾಹಿನಿ ಪ್ರಕರಣದಾಗ ಏನ ಹೇಳೈತಿ ಅಂತ ಆಕೀನ ನಂಗ ತಿಳಿಸಿದ್ಲು. ವಯಸ್ಸಿಗೆ ಬಂದ ಇಬ್ರು ಒಪ್ಪಿ ಮದುವಿ ಆಗಾಕ ಮನೆತನದ್ದೂ ಸಮಾಜದ್ದೂ ಒಪ್ಪಿಗಿ ಬೇಕಿಲ್ಲಂತ. "ಮದುವಿಗೇ ಬ್ಯಾಡಂದ್ರ ಕೆರಿ ದಂಡಿಗೆ ಕುಂದ್ರಾಕ ಯಾರನ್ನ ಕೇಳಬೇಕಪ್ಪಾ?" ಅಂದ್ಲು. ಆಕಿ ದನಿ ಏರಿಸಲಿಲ್ಲ. ಏರಿಸಿದ್ರ ಬೈದು ಸುಮ್ಮನ ಮಾಡ್ತಿದ್ದೆ.

ಕೋಟೆಕೆರ್ಯಾಗ ಹೊಡದವ್ರು ಒಂದು ಧರ್ಮದವ್ರು. ಮಂಗಳೂರಾಗ 2009ರ ಜನವರಿ 24ಕ್ಕ ಪಬ್ಬಿಗೆ ನುಗ್ಗಿ ಹುಡುಗ್ಯಾರನ್ನ ಬಡದವ್ರು ಇನ್ನೊಂದು ಧರ್ಮದವ್ರು. ಹಗಲೆಲ್ಲ ಒಬ್ರಿಗೊಬ್ರು ಆಗದವ್ರು ಹೆಣ್ಮಕ್ಕಳ ವಿಷಯಕ್ಕ ಬಂದ್ರ ಒಂದ ಮಾತು ಆಡ್ತಾರ. ಮಂಗಳೂರಿನ ಹೊಡೆತಾನ ಇಡೀ ದೇಶ ಟಿವ್ಯಾಗ ನೋಡಿತು, 2018ರಾಗ ಸಾಕ್ಷಿ ಸಾಲದ ಆರೋಪಿಗಳು ಖುಲಾಸೆ ಆದ್ರು. ಅಲ್ಲಿದ್ದ ಹುಡುಗ್ಯಾರು ಆ ಒಂಬತ್ತು ವರ್ಷ ಹೆಂಗ ಕಳದ್ರು ಅಂತ ನಾವಿಬ್ರು ಒಂದಿನಾನೂ ಮಾತಾಡಲಿಲ್ಲ. ಅವ್ರು ಹಾಕ್ಕೊಂಡಿದ್ದ ಅರಬಿ ಬಗ್ಗೆ ಮಾತಾಡಿದ್ವಿ. ನಂಗ ನೆನಪೈತಿ.

ಕೋಟೆಕೆರಿಗಿಂತ ಒಂದು ತಿಂಗಳ ಮೊದಲ, 2023ರ ಡಿಸೆಂಬರ್‌ದಾಗ, ಬೆಳಗಾವಿ ತಾಲೂಕಿನ ವಂಟಮೂರ್ಯಾಗ ಆದದ್ದು ಬರಿಯಾಕ ಕೈ ಏಳವಲ್ದು. ಮಗ ಪ್ರೀತಿ ಮಾಡಿದ ಹುಡುಗಿ ಜೋಡಿ ಓಡಿ ಹೋದ. ಶಿಕ್ಷಾ ತಾಯಿಗೆ. ಮನಿಯಿಂದ ಎಳದು, ಬತ್ತಲೆ ಮಾಡಿ, ವಿದ್ಯುತ್ ಕಂಬಕ್ಕ ಕಟ್ಟಿ ಹೊಡದ್ರು. ಅದ ಹೊತ್ತಿಗೆ ಅದ ತಾಲೂಕಿನ ಸುವರ್ಣ ವಿಧಾನಸೌಧದಾಗ ಚಳಿಗಾಲದ ಅಧಿವೇಶನ ನಡದಿತ್ತು. ಹೈಕೋರ್ಟು ತಾನಾಗೇ ಪ್ರಕರಣ ಕೈಗೆತ್ತಿಕೊಂಡು, ಹೊಡದವ್ರಷ್ಟ ಅಲ್ಲ, ನೋಡಕೋತ ನಿಂತವ್ರ ಬಗ್ಗೆನೂ ಕೇಳ್ತು. ಬ್ರಿಟಿಷ್ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನ ಕಾಲದಾಗ ಇಡೀ ಊರಿಗೆ ದಂಡ ಹಾಕ್ತಿದ್ದದ್ದನ್ನ ನ್ಯಾಯಮೂರ್ತಿಗಳು ನೆನಪಿಸಿದ್ರು. ಆ ತಾಯಿನ ಬಿಡಿಸಾಕ ಹೋದಾಂವ ಒಬ್ಬನ ಒಬ್ಬ ಇದ್ದ, ಅವನ್ನ ಹೊಗಳಿದ್ರು. ಆ ಒಬ್ಬನ ಜಾಗಾದಾಗ ನಾ ನಿಂತಿರ್ತಿದ್ದೆನೇನು ಅಂತ ಅವತ್ತಿಂದ ನನ್ನ ನಾ ಕೇಳಕೋತ ಬಂದೀನಿ.

ಸುವರ್ಣಸೌಧದ ಹೆಸರು ಬಂತಂದ್ರ ಇನ್ನೊಂದು ಮಾತು. 2021ರ ಡಿಸೆಂಬರ್ 16ಕ್ಕ ಅದ ಸದನದಾಗ ಮಾಜಿ ಸಭಾಧ್ಯಕ್ಷರೊಬ್ರು, ಅತ್ಯಾಚಾರ ತಪ್ಪಸಾಕ ಆಗದಿದ್ರ ಮಲಗಿ ಸುಖ ಪಡಬೇಕು ಅನ್ನೋ ಅರ್ಥದ ಗಾದಿ ಹೇಳಿದ್ರು, ಪೀಠದ ಮ್ಯಾಲೆ ಕುಂತವ್ರು ನಕ್ರು. ಮರುದಿನ ಕ್ಷಮಾ ಕೇಳಿದ್ರು ಖರೆ. 2012ರ ಫೆಬ್ರುವರ್ಯಾಗ ಸದನದಾಗ ಕುಂತು ಮೊಬೈಲಿನ್ಯಾಗ ಅಶ್ಲೀಲ ಚಿತ್ರ ನೋಡಿದ ಪ್ರಕರಣದಾಗ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ರಲ್ಲ, ಅವ್ರೊಳಗ ಒಬ್ರ ಖಾತೆ ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಎರಡೂ ಪಕ್ಷದವ್ರು ಇದರಾಗ ಅದಾರ. ಚೆನ್ನಮ್ಮ ಆಳಿದ ನೆಲಾ ಅಂತ ವರ್ಷಾ ಅಕ್ಟೋಬರ್ 23ಕ್ಕ ಕಿತ್ತೂರಾಗ ಭಾಷಣಾ ಮಾಡಿದ ಬಾಯಿ ಹೆಣ್ಮಕ್ಕಳ ಬಗ್ಗೆ ಹಿಂಗ ಮಾತಾಡಿದ್ರ ಓಣಿ ಹುಡುಗ್ರು ಕಲಿಯೂದು ಯಾವುದು? ಇದನ್ನ ಕೇಳೂ ಹಕ್ಕು ನಂಗೆಷ್ಟೈತಿ ಅನ್ನೂದು ಬ್ಯಾರೆ ಮಾತು. ಆ ಮಾತಿಗ ಬರಬೇಕು ಅಂತ ಇಷ್ಟೊತ್ತು ಸುತ್ತು ಹಾಕಾಕತ್ತೀನಿ.

1994. ಬಿ.ಎ. ಎರಡನೇ ವರ್ಷ. ನಮ್ಮ ಕ್ಲಾಸಿನ ಆ ಹುಡುಗಿ ಬಾದಾಮಿ ಅಗಸ್ತ್ಯತೀರ್ಥದ ಪಾವಟಗಿ ಮ್ಯಾಲೆ ಹುಡುಗನೊಬ್ಬನ ಜೋಡಿ ಕುಂತಿದ್ಲು ಅನ್ನೂದು ಆಕಿ ಅಣ್ಣನ ಕಿವಿಗೆ ಬಿತ್ತು. ಮರುದಿನದಿಂದ ಆಕಿ ಕಾಲೇಜಿಗೆ ಬರಲಿಲ್ಲ. ಪರೀಕ್ಷಾಕ್ಕೂ ಬರಲಿಲ್ಲ. ಬ್ಯಾಸಗ್ಯಾಗ ಮದುವಿ ಆತು. ಕ್ಲಾಸಿನ್ಯಾಗ ಎಲ್ಲಾರಿಗಿಂತ ಮುಂದಿದ್ದಾಕಿ. ಸೈಕಲ್ ಅಂಗಡ್ಯಾಂವ ಹೇಳಿದ ಅಂತ ನೀ ಸಂಶಯಾ ಪಟ್ಟು ಎರಡು ವರ್ಷ ಅವನ ಜೋಡಿ ಮಾತು ಬಿಟ್ಟಿ. ಅಂವ ಹೇಳಿದ್ದಿಲ್ಲ ದೋಸ್ತ. ನಾ ಹೇಳಿದ್ದೆ. ನಮ್ಮ ಕಿಲ್ಲಾ ಓಣಿಯ ಆ ತಿರುವಿನ್ಯಾಗ ಅವರಣ್ಣನ್ನ ನಿಲ್ಲಿಸಿ, ನಿಮ್ಮ ಮನಿ ಮರ್ಯಾದಿ ಅಂತ ಹೇಳಾಕತ್ತೀನಿ ಅಂದೆ.

ಮರ್ಯಾದಿ ಅಂತ ನಂಗೂ ಹೇಳ್ಕೊಂಡೆ. ಖರೆ ಅಂದ್ರ ಆಕಿ ನನ್ನ ಜೋಡಿ ಎಂದೂ ಮಾತಾಡಿದ್ದಿಲ್ಲ, ಅವನ ಜೋಡಿ ನಗತಿದ್ಲು. ನಂಗ ತಡಕೊಳ್ಳಾಕ ಆಗಲಿಲ್ಲ. ಅಷ್ಟ. ಕೈ ಎತ್ತಲಿಲ್ಲ, ಕಂಬಕ್ಕ ಕಟ್ಟಲಿಲ್ಲ, ಒಂದು ಮಾತು ಹೇಳಿ ಮನಿಗೆ ಹೋಗಿ ಊಟಾ ಮಾಡಿದೆ. ಉಳದದ್ದನ್ನ ಅವರ ಮನ್ಯಾಗ ಮಾಡಿದ್ರು.

ಬಾದಾಮಿ ಬಸ್ಸಿನ್ಯಾಗ ಮೂರು ಸೀಟು ಮುಂದ ಆಕಿ ಕುಂತಿದ್ಲು. ಕೂದಲು ಬೆಳ್ಳಗಾಗ್ಯಾವು, ನಗಿ ಅದ. ನಾಕೈದು ಮಂದಿ ಗೆಳತ್ಯಾರ ಜೋಡಿ ಜಾತ್ರಿಗೆ ಹೊಂಟಿದ್ಲು. ಅದ ಹೊತ್ತಿಗೆ ಆ ಮನುಷ್ಯಾ ಮನಿ ಮರತಾರ ಅಂದದ್ದು. ಆಕಿ ತಿರುಗಿ ನೋಡಿ, "ಮನಿ ಮರತಿಲ್ರೀ ಯಪ್ಪಾ, ಮನಿ ಬಿಟ್ಟು ಬ್ಯಾರೇನೂ ನೋಡಿದ್ದಿಲ್ಲ, ಅದಕ್ಕ ಹೊಂಟೀವಿ" ಅಂದ್ಲು. ಬಸ್ಸೆಲ್ಲ ನಕ್ತು. ನನ್ನ ಗುರ್ತು ಹಿಡದ್ಲೋ ಇಲ್ಲೋ ಗೊತ್ತಿಲ್ಲ. ಎದ್ದು ಹೋಗಿ ಮಾತಾಡಬೇಕಾಗಿತ್ತು. ಕಿಟಕಿ ಹೊರಗ ನೋಡಿದಂಗ ಮಾಡಿ, ಬಾದಾಮಿ ಬಂದ ಕೂಡ್ಲೆ ಹಿಂದಿನ ಬಾಗಲದಿಂದ ಇಳದೆ.

ಮಗಳಿಗೆ ಇನ್ನೂ ಹೇಳಿಲ್ಲ. ಇದನ್ನ ಓದ್ತಾಳ. ಹೆಂಡತಿನೂ ಓದ್ತಾಳ.

ಇಷ್ಟು ಬರಿಯೂದಿತ್ತು ಅಂತ ಸುರು ಮಾಡಿದ್ದಲ್ಲ, ಜಾತ್ರ್ಯಾಗ ಕೊಂಡ ಬೆಂಡು-ಬೆತ್ತಾಸದ ಸುದ್ದಿ ಹೇಳಬೇಕಂತ ಕುಂತಿದ್ದೆ. ಹೋಳಿಗೆ ಬರ್ತೀ ಅಲ್ಲ? ಹಲಗಿ ತೆಗದಿಟ್ಟೀನಿ, ಬಿಸಲಿಗೆ ಹಿಡದ್ರ ಈಗೂ ಅದ ನಾದ ಕೊಡ್ತೈತಿ. ಬರೂ ಮೊದಲ ಸೈಕಲ್ ಅಂಗಡ್ಯಾಂವಗ ಒಂದು ಫೋನ್ ಮಾಡು. ಈಗ ಅಂವ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ, ನಂಬರ್ ಕಳಸ್ತೀನಿ. ಮಿರ್ಚಿ ಮಾಸ್ತರರೂ ಕೇಳಿದ್ರು ನಿನ್ನ.

ನಿನ್ನ,
ಕಿಲ್ಲಾದ ದೋಸ್ತ